ಸಂತೆ ಮುಚ್ಚಿತು, ಬಂದರು ತೆರೆದಿದೆ

ಬೆಂಗಳೂರಿನ ಪಶ್ಚಿಮ ಭಾಗದ ಆರ್‌ಪಿಸಿ ಲೇಔಟ್‌ನಂತಹ ಬಡಾವಣೆಗಳಲ್ಲಿ ನೆಮ್ಮದಿಯಾಗಿ ನೆಲೆಸಿರುವ ನಮ್ಮ ಸಮುದಾಯದ ವಿದ್ಯಾವಂತ ಕುಟುಂಬಗಳಲ್ಲಿ ಒಂದು ಅಭಿಪ್ರಾಯ ಬೇರೂರಿದೆ. ಜಾನುವಾರು ಹತ್ಯಾ ನಿಷೇಧ ಕಾನೂನು ಪಾದರಾಯನಪುರದ, ಗೋರಿಪಾಳ್ಯದ, ಶಿವಾಜಿನಗರದ ಮಾಂಸ ವ್ಯಾಪಾರಿಗಳ ಸಮಸ್ಯೆ. ಕಚೇರಿಗೆ ಹೋಗುವವರಿಗೂ ಮಕ್ಕಳನ್ನು ಇಂಜಿನಿಯರಿಂಗ್ ಓದಿಸುವವರಿಗೂ ಅದರಿಂದ ಆಗಬೇಕಾದದ್ದೇನೂ ಇಲ್ಲ ಎಂಬುದೇ ಆ ಅಭಿಪ್ರಾಯ. ಇದೇ ಬಡಾವಣೆಯ ಹಿಂದೂ ನೆರೆಹೊರೆಯವರಲ್ಲಿಯೂ ಬಹುಮಂದಿ ಇದನ್ನು ಮುಸ್ಲಿಮರ ಊಟದ ತಟ್ಟೆಗೆ ಸಂಬಂಧಿಸಿದ ವಿಷಯವೆಂದು ತಿಳಿದು ಸುಮ್ಮನಿದ್ದಾರೆ. ಈ ಎರಡೂ ತಿಳಿವಳಿಕೆಗಳು ತಪ್ಪು ಎಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಇಬ್ಬರ ಮನೆ ಬಾಗಿಲಿಗೂ ಬೆಳಗ್ಗೆ ಬರುವ ನಂದಿನಿ ಹಾಲಿನ ಪೊಟ್ಟಣವೇ ಅದಕ್ಕೆ ಸಾಕ್ಷಿ.

ಬೆಂಗಳೂರು ನಗರ, ಗ್ರಾಮಾಂತರ ಮತ್ತು ರಾಮನಗರ ಭಾಗದ ಹಳ್ಳಿಗಳಿಂದ ಹಾಲು ಒಕ್ಕೂಟವು ಹಾಲು ಸಂಗ್ರಹಿಸುತ್ತದೆ. ಮಾಗಡಿ, ಕನಕಪುರ, ಚನ್ನಪಟ್ಟಣದ ರೈತ ಮಹಿಳೆ ನಸುಕಿನಲ್ಲೆದ್ದು ಕರೆದು ಸಹಕಾರ ಸಂಘಕ್ಕೆ ಹಾಕಿದ ಹಾಲನ್ನೇ ನಾವು ಕುಡಿಯುತ್ತೇವೆ. ಆಕೆಯ ಕೊಟ್ಟಿಗೆಯ ಲೆಕ್ಕ ಸರಳವಾದದ್ದು. ಸೀಮೆಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡು. ಟ್ರ್ಯಾಕ್ಟರ್, ಟಿಲ್ಲರ್‌ಗಳು ಬಂದ ಮೇಲೆ ಉಳುಮೆಗೆ ಎತ್ತು ಬೇಡವಾಗಿದೆ. ಮೇಲಾಗಿ ಹಿಣಿಲಿಲ್ಲದ, ಬಿಸಿಲು ತಡೆಯದ ಸೀಮೆ ಹೋರಿ ನೊಗಕ್ಕೆ ಒಗ್ಗುವುದಿಲ್ಲ. ನಾಲ್ಕಾರು ಸೂಲಿನ ನಂತರ ಹಸುವಿನ ಕರಾವೂ ಬತ್ತುತ್ತದೆ. ಆದರೆ ಹಿಂಡಿ, ಬೂಸಾ, ಒಣಹುಲ್ಲಿನ ಖರ್ಚು ಬತ್ತುವುದಿಲ್ಲ. ಕೊಟ್ಟಿಗೆಯಲ್ಲಿ ಉಪಯೋಗಕ್ಕೆ ಬಾರದ ಜಾನುವಾರನ್ನು ಮಾರಿ, ಬಂದ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ ಹೊಸ ಹಸು ಕೊಳ್ಳುವುದು ಹೈನುಗಾರಿಕೆಯ ಹಳೆಯ ಕ್ರಮ. ಹಳೆಯ ದನಕ್ಕೆ ಕೊಳ್ಳುವವನಿದ್ದರೆ ಮಾತ್ರ ಕೊಟ್ಟಿಗೆಗೆ ಹೊಸ ಹಸು ಬರುತ್ತದೆ. ಸಂತೆಯ ವ್ಯಾಪಾರಿ, ದಲ್ಲಾಳಿ, ಸಾಗಣೆದಾರ, ಕಸಾಯಿ, ಚರ್ಮದ ಕೆಲಸಗಾರ ಇವರೆಲ್ಲರೂ ರೈತನಿಗೆ ಬೆನ್ನೆಲುಬಾಗಿದ್ದ ಈ ಸರಪಳಿಯ ಕೊಂಡಿಗಳು.

ಈ ಸರಪಳಿಯನ್ನು ಕಡಿದದ್ದು ಯಾವುದು? ಕರ್ನಾಟಕದಲ್ಲಿ ಗೋವಧೆ 1964ರ ಕಾನೂನಿನಿಂದಲೇ ನಿಷಿದ್ಧವಾಗಿತ್ತು. ಆದರೆ ಹನ್ನೆರಡು ವರ್ಷ ದಾಟಿದ ಅಥವಾ ದುಡಿಮೆಗೆ ಅಸಮರ್ಥವಾದ ಎತ್ತು, ಕೋಣ, ಎಮ್ಮೆಗಳ ಮಟ್ಟಿಗೆ ಅಧಿಕಾರಿಯ ಪ್ರಮಾಣಪತ್ರದೊಂದಿಗೆ ಒಂದು ದಾರಿಯನ್ನು ಆ ಕಾನೂನು ಉಳಿಸಿತ್ತು. 2010ರಲ್ಲಿ ಯಡಿಯೂರಪ್ಪನವರ ಸರ್ಕಾರ ಆ ದಾರಿಯನ್ನು ಮುಚ್ಚಲು ಮಸೂದೆ ತಂದಿತು. 2013ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. 2020ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಅಂಗೀಕಾರಗೊಂಡ ಹೊಸ ಮಸೂದೆಗೆ ಪರಿಷತ್ತಿನ ಒಪ್ಪಿಗೆ ಸಿಗದಿದ್ದಾಗ 2021ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಲಾಯಿತು. ಫೆಬ್ರವರಿಯಲ್ಲಿ ಗದ್ದಲದ ನಡುವೆ ಧ್ವನಿಮತದಿಂದ ಪರಿಷತ್ತಿನ ಒಪ್ಪಿಗೆ ಪಡೆಯಲಾಯಿತು. ಅಂದಿನಿಂದ ಎತ್ತು, ಹೋರಿಗಳಿಗೆ ಯಾವ ವಯಸ್ಸಿನಲ್ಲಿಯೂ ವಿನಾಯಿತಿ ಇಲ್ಲ. ಎಮ್ಮೆ, ಕೋಣಗಳಿಗೆ ಹದಿಮೂರು ವರ್ಷ ದಾಟಿರಬೇಕು. ಮೊದಲ ಅಪರಾಧಕ್ಕೇ ಮೂರರಿಂದ ಏಳು ವರ್ಷ ಜೈಲು, ಐವತ್ತು ಸಾವಿರದಿಂದ ಐದು ಲಕ್ಷ ರೂಪಾಯಿಯವರೆಗೆ ದಂಡ. ವಧೆಗಾಗಿ ಕೊಳ್ಳುವುದು, ಮಾರುವುದು, ಸಾಗಿಸುವುದು ಕೂಡ ಅಪರಾಧ. ಕೊಳ್ಳುವವನ ಮನಸ್ಸಿನಲ್ಲಿ ಏನಿದೆಯೆಂದು ಮಾರುವ ರೈತನು ಹೇಗೆ ತಿಳಿಯಬೇಕು? ಅನುಮಾನವೊಂದೇ ವ್ಯಾಪಾರವನ್ನು ಕೊಲ್ಲಲು ಸಾಕಾಯಿತು.

ಅನುಮಾನ ಕೊಂದದ್ದು ವ್ಯಾಪಾರವನ್ನು ಮಾತ್ರವಲ್ಲ. 2023ರ ಮಾರ್ಚ್ 31ರ ರಾತ್ರಿ ಕನಕಪುರ ತಾಲೂಕಿನ ಸಾತನೂರಿನ ಬಳಿ ಗೋರಕ್ಷಕರೆನಿಸಿಕೊಂಡವರು ಜಾನುವಾರು ಸಾಗಿಸುತ್ತಿದ್ದ ವಾಹನವನ್ನು ತಡೆದರು. ಅದರಲ್ಲಿದ್ದ ಮಂಡ್ಯದ ಬಡ ಸಾಗಣೆದಾರರೊಬ್ಬರು ಮರುದಿನ ಶವವಾಗಿ ಸಿಕ್ಕರು. ಇಂತಹ ಘಟನೆಯ ಸುದ್ದಿ ಕೇಳಿದ ಮೇಲೆ ಯಾವ ಚಾಲಕ ದನ ಹೇರಿಕೊಂಡು ರಸ್ತೆಗಿಳಿದಾನು? ಇಳಿಯುವವನು ತನ್ನ ಅಪಾಯದ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕುತ್ತಾನೆ. ಆ ಬೆಲೆಯನ್ನು ಕೊನೆಗೆ ರೈತನಿಗೆ ಸಲ್ಲಬೇಕಾದ ಹಣದಿಂದಲೇ ಮುರಿದುಕೊಳ್ಳಲಾಗುತ್ತದೆ.

ಇನ್ನು ಇದೇ ದೇಶದ ಬಂದರುಗಳತ್ತ ನೋಡೋಣ. ಗೋಮಾಂಸದ ರಫ್ತಿಗೆ ಭಾರತದಲ್ಲಿ ಅನುಮತಿ ಇಲ್ಲ. ಆದರೆ ಮೂಳೆ ತೆಗೆದ ಎಮ್ಮೆ, ಕೋಣಗಳ ಮಾಂಸದ ರಫ್ತಿನಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. 2014-15ರಲ್ಲಿ ಹದಿನಾಲ್ಕೂವರೆ ಲಕ್ಷ ಟನ್‌ಗಿಂತ ಹೆಚ್ಚು ಮಾಂಸ ಹಡಗೇರಿತು. 2023-24ರಲ್ಲಿ ಸುಮಾರು 13 ಲಕ್ಷ ಟನ್ ರಫ್ತಾಗಿ ದೇಶಕ್ಕೆ 31 ಸಾವಿರ ಕೋಟಿ ರೂಪಾಯಿ ಬಂದಿತು. ವಿಯೆಟ್ನಾಂ, ಮಲೇಷ್ಯಾ, ಈಜಿಪ್ಟ್, ಇರಾಕ್ ದೇಶಗಳು ಇದರ ದೊಡ್ಡ ಗಿರಾಕಿಗಳು. ವೇದಿಕೆಗಳಲ್ಲಿ ಪ್ರಾಣಿದಯೆಯ ಭಾಷಣ ಮಾಡುವವರು ಅಧಿಕಾರಕ್ಕೆ ಬಂದ ಮೇಲೂ ಈ ವಹಿವಾಟು ನಿಲ್ಲಲಿಲ್ಲ. ವಿದೇಶಿ ವಿನಿಮಯ ತರುವ ಉದ್ಯಮವೆಂಬ ಗೌರವವೂ ಅದಕ್ಕೆ ತಪ್ಪಲಿಲ್ಲ. ಯಂತ್ರದಲ್ಲಿ ಕತ್ತರಿಸಿ, ಹೆಪ್ಪುಗಟ್ಟಿಸಿ, ಪೆಟ್ಟಿಗೆಗೆ ತುಂಬಿ ಕೋಟ್ಯಧೀಶನು ಹಡಗಿಗೇರಿಸಿದರೆ ಅದು ರಫ್ತು. ತನ್ನ ಹಟ್ಟಿಯ ಮುದಿ ಎತ್ತನ್ನು ರೈತನು ಸಂತೆಯಲ್ಲಿ ಮಾರಿದರೆ ಅದು ಅಪರಾಧ. ಈ ಇಬ್ಬಂದಿತನವನ್ನು ಧರ್ಮದ ಹೆಸರಿನಿಂದ ಮುಚ್ಚಲಾಗದು.

ಎಮ್ಮೆಯ ಮಾಂಸಕ್ಕೆ ಹೊರದೇಶದಲ್ಲಿ ಬೇಡಿಕೆ ಇದೆಯಲ್ಲ, ರೈತರಿಗೆ ಅಷ್ಟಾದರೂ ಲಾಭವಲ್ಲವೇ ಎಂದು ಕೆಲವರು ಕೇಳಬಹುದು. ಹೊರಗಿನ ಗಿರಾಕಿಯನ್ನೇ ನಂಬಿದ ಜಾನುವಾರು ಸಾಕಣೆದಾರರ ಗತಿ ಏನಾಗುತ್ತದೆಂಬುದಕ್ಕೆ ಕೆನಡಾದ ಉದಾಹರಣೆ ಇದೆ. 2003ರ ಮೇ 20ರಂದು ಅಲ್ಲಿನ ಆಲ್ಬರ್ಟಾ ಪ್ರಾಂತ್ಯದ ಒಂದೇ ಒಂದು ಹಸುವಿನಲ್ಲಿ ಹುಚ್ಚು ಹಸು ರೋಗ ದೃಢಪಟ್ಟಿತೆಂದು ಪ್ರಕಟವಾಯಿತು. ಅಮೆರಿಕ ಅಂದೇ ತನ್ನ ಗಡಿಯನ್ನು ಮುಚ್ಚಿತು; ಇತರ ಹತ್ತಾರು ದೇಶಗಳು ಅದನ್ನು ಅನುಸರಿಸಿದವು. ಉತ್ಪನ್ನದ ಅರ್ಧಕ್ಕಿಂತ ಹೆಚ್ಚನ್ನು ಹೊರಗೆ ಮಾರುತ್ತಿದ್ದ, ಅದರಲ್ಲಿಯೂ ಒಂದೇ ದೇಶವನ್ನು ನೆಚ್ಚಿಕೊಂಡಿದ್ದ ಅಲ್ಲಿನ ರೈತರಿಗೆ ಮುದಿ ಹಸುಗಳ ಬೆಲೆ ನೆಲಕಚ್ಚಿತು. ಎಳೆಯ ಜಾನುವಾರುಗಳಿಗೆ ಗಡಿ ತೆರೆಯಲು 2005ರ ಜುಲೈವರೆಗೆ ಕಾಯಬೇಕಾಯಿತು. ಆ ಎರಡು ವರ್ಷ ಅವರ ಜೀವ ಹಿಡಿದದ್ದು ಎರಡು ಸಂಗತಿಗಳು: ಸರ್ಕಾರದ ಪರಿಹಾರ ಮತ್ತು ಸ್ವದೇಶದ ಗ್ರಾಹಕರು. ಅಲ್ಲಿನ ನಗರವಾಸಿಗಳು ತಮ್ಮ ರೈತರ ಕೈಬಿಡಲಿಲ್ಲ.

ನಮ್ಮಲ್ಲಿ ನಡೆದಿರುವುದು ಇದಕ್ಕೆ ನೇರ ವಿರುದ್ಧ. ಕಷ್ಟಕಾಲದಲ್ಲಿ ಆಸರೆಯಾಗಬೇಕಾದ ಒಳನಾಡಿನ ಮಾರುಕಟ್ಟೆಯನ್ನು ಸರ್ಕಾರವೇ ಕಾನೂನಿನ ಮೂಲಕ ಕುಗ್ಗಿಸಿದೆ. ಆಮೇಲೆ ಉಳಿಯುವುದು ಹೊರನಾಡಿನ ಖರೀದಿದಾರನ ಮರ್ಜಿ. ಅಲ್ಲೊಂದು ರೋಗದ ಭೀತಿ, ಇಲ್ಲೊಂದು ಗಡಿ ತಪಾಸಣೆ, ಮತ್ತೊಂದೆಡೆ ಸುಂಕದ ಏರಿಕೆ, ಎಲ್ಲವೂ ಹಳ್ಳಿಯ ಕೊಟ್ಟಿಗೆಯವರೆಗೆ ತಲುಪುತ್ತವೆ. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಸರಕುಗಳ ಮೇಲೆ ಶೇ. 50ರಷ್ಟು ಸುಂಕ ಹೇರಿದಾಗ ಆಂಬೂರು, ರಾಣಿಪೇಟೆಗಳ ಚರ್ಮೋದ್ಯಮ ನಡುಗಿದ್ದನ್ನು ನಾವು ಕಂಡೆವು. ಚರ್ಮಕ್ಕೆ ಬೆಲೆ ಬಿದ್ದರೆ ಜಾನುವಾರಿಗೂ ಬೆಲೆ ಬೀಳುತ್ತದೆ. ಆ ಹೊಡೆತ ದಲಿತ ಕಾರ್ಮಿಕನಿಗೂ ಮುಸ್ಲಿಂ ಕಾರ್ಮಿಕನಿಗೂ ಒಟ್ಟಿಗೇ ಬೀಳುತ್ತದೆ.

ಮುದಿ ಎತ್ತೂ ನಿರುಪಯುಕ್ತವಲ್ಲ, ಅದರ ಸಗಣಿ ಗಂಜಲಗಳಿಗೆ ಬೆಲೆಯಿದೆ ಎಂಬ ವಾದವನ್ನು 2005ರ ಗುಜರಾತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಾಧೀಶರ ಪೀಠ ಬಹುಮತದಿಂದ ಒಪ್ಪಿತು. ನ್ಯಾಯಾಲಯದ ತೀರ್ಪನ್ನು ನಾವು ಗೌರವಿಸುತ್ತೇವೆ. ಆದರೆ ಸಗಣಿಯ ಬೆಲೆ ಮೇವಿನ ಬೆಲೆಯನ್ನು ತೀರಿಸುತ್ತದೆಯೇ ಎಂಬ ಪ್ರಶ್ನೆಯನ್ನು ರೈತನಲ್ಲಿಯೇ ಕೇಳಬೇಕಾಗುತ್ತದೆ. ಹಾಗೆ ತೀರಿಸುವಂತಿದ್ದರೆ ಅವನು ಮಾರುತ್ತಲೇ ಇರಲಿಲ್ಲ. ಗೋಶಾಲೆಗಳಿವೆ ಎನ್ನುತ್ತಾರೆ. ಒಂದು ಜಿಲ್ಲೆಯಲ್ಲಿ ವರ್ಷವರ್ಷವೂ ಹುಟ್ಟುವ ಗಂಡುಕರುಗಳೆಷ್ಟು, ಬತ್ತುವ ಹಸುಗಳೆಷ್ಟು, ಗೋಶಾಲೆಯಲ್ಲಿರುವ ಜಾಗವೆಷ್ಟು ಎಂದು ಲೆಕ್ಕ ಹಾಕಿದರೆ ಉತ್ತರ ತಾನಾಗಿಯೇ ಸಿಗುತ್ತದೆ. ಕರ್ನಾಟಕದಲ್ಲಿ 2012ರ ಗಣತಿಯಲ್ಲಿ ಸುಮಾರು 95 ಲಕ್ಷವಿದ್ದ ದನಗಳ ಸಂಖ್ಯೆ 2019ರಲ್ಲಿ ಸುಮಾರು 85 ಲಕ್ಷಕ್ಕೆ ಇಳಿದಿತ್ತು. ಸಾಕುವವನಿಗೆ ಗಿಟ್ಟಿದರೆ ದನ ಉಳಿಯುತ್ತದೆ, ಗಿಟ್ಟದಿದ್ದರೆ ಅಳಿಯುತ್ತದೆ; ಜೈಲಿನ ಬೆದರಿಕೆಯಿಂದ ಯಾರೂ ಹೈನುಗಾರರಾಗುವುದಿಲ್ಲ. ದನವನ್ನು ನಿಜವಾಗಿ ಪ್ರೀತಿಸುವವರು ಯೋಚಿಸಬೇಕಾದ ಮಾತು ಇದು.

2023ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಜೂನ್‌ನಲ್ಲಿ ಪಶುಸಂಗೋಪನಾ ಸಚಿವ ಕೆ. ವೆಂಕಟೇಶ್ ಅವರು, ಕೋಣ ಎಮ್ಮೆಗಳನ್ನು ಕಡಿಯಬಹುದಾದರೆ ಹಸುವನ್ನೇಕೆ ಬಾರದು ಎಂಬರ್ಥದ ಮಾತನ್ನಾಡಿದರು. ಪ್ರತಿಭಟನೆಗಳೆದ್ದವು, ಸರ್ಕಾರ ಮೌನಕ್ಕೆ ಶರಣಾಯಿತು. ಆ ವರ್ಷ ಕಾನೂನು ಹೋಗಲಿಲ್ಲ, ಮುಂದಿನ ವರ್ಷವೂ ಹೋಗಲಿಲ್ಲ. ಮುಸ್ಲಿಮರ ಮತ ಬೇಕು, ಆದರೆ ಮುಸ್ಲಿಮರ ಪರವೆಂದು ಕಾಣಿಸಿಕೊಳ್ಳಬಾರದು ಎಂಬ ಭಯವಲ್ಲದೆ ಇದಕ್ಕೆ ಬೇರೇನು ಹೆಸರಿಡಬೇಕು? ರೈತರ ಪರವಾಗಿ ಮಾತನಾಡಿದ್ದರೆ ಆ ಭಯದ ಅಗತ್ಯವೇ ಇರುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಸಮುದಾಯಕ್ಕೂ ನಾವು ನಾಲ್ಕು ಮಾತು ಹೇಳಲೇಬೇಕು. ಈ ಪ್ರಶ್ನೆಯನ್ನು ಆಹಾರದ ಹಕ್ಕಿನ ಪ್ರಶ್ನೆಯಾಗಿ ಮಾತ್ರ ಎತ್ತಿ ಹಿಡಿದದ್ದರಿಂದ ರೈತ ನಮ್ಮಿಂದ ದೂರವಾದ. ಸಂತೆಯಲ್ಲಿ ನಮ್ಮವರೇ ಆದ ಕೆಲವು ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ರೈತನ ಅಸಹಾಯಕತೆಯನ್ನು ಬೆಲೆಗಟ್ಟುವುದಿಲ್ಲವೇ? ಅಳತೆ ತೂಕಗಳಲ್ಲಿ ವಂಚಿಸುವವರಿಗೆ ನಾಶ ಕಾದಿದೆಯೆಂದು ಪವಿತ್ರ ಕುರ್‌ಆನ್ ಎಚ್ಚರಿಸಿರುವುದು ಮಸೀದಿಯೊಳಗೆ ಓದುವುದಕ್ಕಷ್ಟೇ ಅಲ್ಲ, ಸಂತೆಯಲ್ಲಿ ಪಾಲಿಸುವುದಕ್ಕೂ ಹೌದು. ನಾಲ್ಕು ದನ ಹಿಡಿಸುವ ವಾಹನಕ್ಕೆ ಹದಿನಾಲ್ಕನ್ನು ತುಂಬಿ, ನೀರು ಮೇವು ಕೊಡದೆ ಸಾಗಿಸುವುದು ಯಾವ ಧರ್ಮ? ಪ್ರಾಣಿಯ ಎದುರು ಕತ್ತಿ ಮಸೆಯುವುದನ್ನೂ ಇಷ್ಟಪಡದ, ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದವಳಿಗೆ ನರಕವೆಂದ ಪ್ರವಾದಿ(ಸ)ರ ಅನುಯಾಯಿಗಳಿಗೆ ಇದು ತಕ್ಕುದೇ? ಬಕ್ರೀದ್‌ನ ಮರುದಿನ ಬೀದಿಯಲ್ಲಿ ತ್ಯಾಜ್ಯ ಬಿಟ್ಟು ನೆರೆಯವರ ಮನಸ್ಸು ನೋಯಿಸುವುದು ಕುರ್ಬಾನಿಯ ಭಾಗವೇ? ಇಂತಹ ಪ್ರತಿಯೊಂದು ಅಚಾತುರ್ಯವೂ ನಮ್ಮ ವಿರೋಧಿಗಳ ಕೈಗೆ ನಾವೇ ಕೊಟ್ಟ ಆಯುಧ. ಕಾನೂನು ಜಾರಿಯಲ್ಲಿರುವವರೆಗೆ ಅದನ್ನು ಮುರಿಯುವ ಕಳ್ಳದಾರಿಯನ್ನೂ ನಾವು ಸಮರ್ಥಿಸುವುದಿಲ್ಲ. ಆ ದಾರಿಯಲ್ಲಿ ಹಣ ಮಾಡುವವರು ಕೆಲವರು, ಏಟು ತಿನ್ನುವವರು ಬಡ ಚಾಲಕರು.

ಆಗಬೇಕಾದದ್ದೇನು? ಕನಿಷ್ಠಪಕ್ಷ 1964ರ ಕಾನೂನಿನಲ್ಲಿದ್ದ ದಾರಿಯಾದರೂ ಮರಳಬೇಕು. ಅದುವರೆಗೆ ರೈತನು ಮಾರಲಾಗದ ಪ್ರತಿಯೊಂದು ಜಾನುವಾರಿನ ಮೇವಿನ ವೆಚ್ಚವನ್ನು ಸರ್ಕಾರವೇ ಅವನ ಖಾತೆಗೆ ಹಾಕಬೇಕು. ದನ ಉಳಿಯಲೇಬೇಕೆಂದು ಆಜ್ಞೆ ಮಾಡಿದವರು ಅದರ ಹೊಟ್ಟೆಯನ್ನೂ ತುಂಬಿಸಲಿ. ದಾಖಲೆಗಳುಳ್ಳ ಸಾಗಣೆಗೆ ಪೊಲೀಸ್ ರಕ್ಷಣೆ ಸಿಗಬೇಕು, ರಸ್ತೆಯಲ್ಲಿ ವಾಹನ ತಡೆಯುವ ಖಾಸಗಿ ಪಡೆಗಳಿಗೆ ಕಡಿವಾಣ ಬೀಳಬೇಕು. ಈ ಬೇಡಿಕೆಗಳನ್ನು ಮಸೀದಿ ಕಮಿಟಿಗಳು ಒಂಟಿಯಾಗಿ ಮಂಡಿಸಿದರೆ ಪ್ರಯೋಜನವಿಲ್ಲ. ಹಾಲು ಉತ್ಪಾದಕರ ಸಂಘಗಳ, ರೈತ ಸಂಘಟನೆಗಳ, ದಲಿತ ಸಂಘಟನೆಗಳ ಜೊತೆ ಕುಳಿತು ಮಾತನಾಡಬೇಕು. ಆರ್‌ಪಿಸಿ ಲೇಔಟ್‌ನ ವಕೀಲರು, ಲೆಕ್ಕಪರಿಶೋಧಕರು, ಶಿಕ್ಷಕರು ಈ ಕೆಲಸಕ್ಕೆ ಮುಂದೆ ಬರಲಿ. ವ್ಯಾಪಾರಿಗಳಿಗೆ ರಶೀದಿ, ದಾಖಲೆ, ಪರವಾನಗಿಗಳ ಶಿಸ್ತು ಕಲಿಸಲಿ. ಈ ಕಸುಬಿನ ಕುಟುಂಬಗಳ ಮಕ್ಕಳಿಗೆ ಬೇರೆ ವಿದ್ಯೆಯ ಬಾಗಿಲು ತೆರೆಯಲಿ. ಮೈಸೂರು ರಸ್ತೆಯ ಆಚೆ ಈಚೆ ಬದುಕುವ ಎರಡು ಬಗೆಯ ಮುಸ್ಲಿಮರು ಒಬ್ಬರ ಕಷ್ಟ ಇನ್ನೊಬ್ಬರದಲ್ಲವೆಂದು ಭಾವಿಸುವವರೆಗೆ, ಮಾಗಡಿಯ ರೈತನು ನಮ್ಮ ಕಷ್ಟವನ್ನು ತನ್ನದೆಂದು ಭಾವಿಸಬೇಕೆಂದು ನಿರೀಕ್ಷಿಸುವ ನೈತಿಕ ಹಕ್ಕು ನಮಗಿಲ್ಲ.