ನರ್ಸಮ್ಮ ದೇವಿಯೂ ಅಲ್ಲ, ಗೊಂಬೆಯೂ ಅಲ್ಲ



ಕಳೆದ ರಜೆಯ ದಿನ ನಾವು ಏಳೆಂಟು ಮಂದಿ ಕೋಣೆಯಲ್ಲಿ ಕೂತು ಸಿನೇಮಾ ನೋಡುತ್ತಿದ್ದೆವು. ನರ್ಸಿನ ಪಾತ್ರ ಬಂತು. ಬಿಗಿ ಉಡುಪು, ಕೈಯಲ್ಲಿ ಸೂಜಿ, ಮಂಚದ ಮೇಲೆ ಹಲ್ಲು ಕಿರಿಯುವ ರೋಗಿ. ಒಬ್ಬರು ಸಿಳ್ಳೆ ಹಾಕಿದರು, ಉಳಿದವರು ನಕ್ಕೆವು. ಮೂಲೆಯಲ್ಲಿದ್ದ ಒಬ್ಬ ಮಾಣಿ ಮಾತ್ರ ನಗಲಿಲ್ಲ. ಅವನ ತಂಗಿ ಊರಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಳೆ. ನಮಗೆ ನಾಚಿಕೆಯಾಯಿತು.

ಸಿನೇಮಾದಲ್ಲಿ ನರ್ಸಿಗೆ ಹೆಚ್ಚಾಗಿ ಎರಡೇ ವೇಷ. ಒಂದು ಈ ಚೇಷ್ಟೆಯದು, ಇನ್ನೊಂದು ದೇವಿಯದು. 1959ರ ಬಂಗಾಲಿ ಚಿತ್ರ 'ದೀಪ್ ಜ್ವೇಲೆ ಜಾಯ್'ನಲ್ಲಿ ಸುಚಿತ್ರಾ ಸೇನ್ ನರ್ಸು. ಮನೋರೋಗಿ ಗುಣವಾಗಲೆಂದು ಪ್ರೀತಿಯ ನಟನೆ ಮಾಡುವುದೇ ಅವಳಿಗೆ ವಹಿಸಿದ ಕೆಲಸ. ಅವನು ಗುಣವಾಗುತ್ತಾನೆ, ಅವಳೇ ರೋಗಿಯಾಗುತ್ತಾಳೆ. ಅದೇ ನಿರ್ದೇಶಕ ಅಸಿತ್ ಸೇನ್ ಅದನ್ನು ವಹೀದಾ ರೆಹಮಾನರಿಂದ ಹಿಂದಿಯಲ್ಲಿ 'ಖಾಮೋಶಿ' ಎಂದು ಮಾಡಿಸಿದರು. ನೋಡಿದರೆ ಕಣ್ಣೀರು ಬರುತ್ತದೆ, ಸುಳ್ಳಲ್ಲ. ಆದರೆ ಆ ಕಣ್ಣೀರಿನಲ್ಲಿ ಅವಳ ಪಾಳಿ ಎಷ್ಟು ತಾಸು, ಸಂಬಳ ಎಷ್ಟು ಎಂದು ಕೇಳುವುದು ನಮಗೆ ಮರೆತೇ ಹೋಗುತ್ತದೆ.

ಈ ಆಟ ನಮಗೆ ಹೊಸದೇ? ನಾಟಕದಲ್ಲಿ ಹೋಟೆಲ್ ಮಾಣಿ ಎಂದರೆ ಹೆಗಲಿಗೊಂದು ಬಟ್ಟೆ, ಬಾಯಲ್ಲಿ ತಿಂಡಿಗಳ ಪಟ್ಟಿ, ಜನ ನಗಬೇಕು. ಧಣಿಗಳ ಬಾಯಲ್ಲಿ ಅದೇ ಮಾಣಿ 'ಮನೆ ಮಗ'. ಮನೆ ಮಗನಿಗೆ ಓವರ್‌ಟೈಮ್ ಇಲ್ಲ! ದೇವಿಗೂ ಇಲ್ಲ.

ಪರೇಲಿನ ಕೆ.ಇ.ಎಂ. ಆಸ್ಪತ್ರೆ ಗಿರಣಿ ಬಂಧುಗಳಿಗೆ ಗೊತ್ತು. ಹೊನ್ನಾವರದ ಹತ್ತಿರದ ಹಳದೀಪುರದ ಅರುಣಾ ಶಾನಭಾಗ ಅಲ್ಲಿ ನರ್ಸಾಗಿದ್ದರು. 1973ರ ನವೆಂಬರ್ 27ರಂದು, ಡ್ಯೂಟಿ ಮುಗಿಸಿ ಬಟ್ಟೆ ಬದಲಿಸುವಾಗ, ಅಲ್ಲಿಯ ಕೆಲಸಗಾರನೊಬ್ಬನೇ ಅತ್ಯಾಚಾರ ಮಾಡಿದ. ಅವರು ಮತ್ತೆ ಏಳಲಿಲ್ಲ. ಜತೆಯ ನರ್ಸುಗಳು ಮುಷ್ಕರ ಹೂಡಿ ಅವರಿಗೆ ನ್ಯಾಯ, ತಮಗೆ ಭದ್ರತೆ ಕೇಳಿದರು. 2015ರ ಮೇ 18ರಂದು ಅರುಣಾ ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಮೀರಿ, ಅವರನ್ನು ನೋಡಿಕೊಂಡರು. ಶುಶ್ರೂಷೆಯೂ ಅವರದೇ, ಮುಷ್ಕರವೂ ಅವರದೇ. ಸೇವೆ ಮಾಡುವವರು ಹಕ್ಕು ಕೇಳಬಾರದು ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೇ?

ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2016ರಲ್ಲಿ ಕೇಂದ್ರ ಸರಕಾರ ನೇಮಿಸಿದ ಸಮಿತಿ, ಖಾಸಗಿ ಆಸ್ಪತ್ರೆ ಎಷ್ಟೇ ಚಿಕ್ಕದಿರಲಿ, ನರ್ಸಿನ ಸಂಬಳ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಕೂಡದು ಎಂದಿತು. ಜಾರಿ ಮಾಡುವುದನ್ನು ರಾಜ್ಯಗಳಿಗೆ ಬಿಡಲಾಯಿತು. ಸಿನೇಮಾ ಹಾಡು ಬಾಯಿಪಾಠವಿರುವ ನಮ್ಮಲ್ಲಿ ಈ ಅಂಕಿ ಎಷ್ಟು ಮಂದಿಗೆ ಗೊತ್ತು?

ಇನ್ನೊಂದು ಮಾತು. ನರ್ಸು, ರಾತ್ರಿ ಪಾಳಿ ಎಂದು ಹೆಣ್ಣು ಬೇಡವೆನ್ನುವ ಮನೆಗಳು ನಮ್ಮಲ್ಲೂ ಇವೆ. ರಾತ್ರಿ ಪಾಳಿಯ ಗಿರಣಿ ಕೆಲಸಗಾರನ ನಡತೆಯನ್ನು ಯಾರಾದರೂ ಶಂಕಿಸಿದ್ದರೇ?

ಸಿನೇಮಾ ನೋಡಬೇಡಿ ಎನ್ನುವುದಿಲ್ಲ. ಸಿಳ್ಳೆ ಹಾಕುವ ಮುನ್ನ ಆ ಮಾಣಿಯ ತಂಗಿಯನ್ನು ನೆನೆಯಿರಿ. ಅವಳೂ ನಮ್ಮಂತೆ ಪಾಳಿಯಲ್ಲಿ ದುಡಿಯುವವಳು. ನರ್ಸಮ್ಮಗಳು ಸಂಬಳಕ್ಕಾಗಿ ಬೀದಿಗಿಳಿದ ದಿನ ಅವರ ಪಕ್ಕದಲ್ಲಿ ನಿಲ್ಲೋಣ.