ಬಾವಿಯ ನೀರು, ತಹಶೀಲ್ದಾರರ ಸೀಲು



ನಮ್ಮ ಹಿಂದವಾಡಿಯಲ್ಲಿ ಗುರುದೇವ ರಾನಡೆಯವರು ಕಟ್ಟಿದ ಅಕಾಡೆಮಿ ಇದೆ. ಎಲ್ಲ ಧರ್ಮಗಳನ್ನೂ ಪಕ್ಕಪಕ್ಕ ಇಟ್ಟು ತೌಲನಿಕವಾಗಿ ನೋಡುವ ಜಾಗ. ದೊಡ್ಡ ಕೆಲಸ, ಗೌರವ ಇದೆ. ಆದರೆ ಖಾನಾಪುರದ ಕಡೆಯಿಂದ ಟ್ರಂಕು ಹೊತ್ತು ಬಸ್ಸಿಳಿಯುವ ನಮ್ಮಂಥವರಿಗೆ ಧರ್ಮಗಳ ತೌಲನಿಕ ಅಧ್ಯಯನ ನಡೆಯೋದು ತಹಶೀಲ್ದಾರ ಕಚೇರಿಯ ಕಿಟಕಿಯಲ್ಲಿ. ಒಂದೇ ಕೇರಿ, ಒಬ್ಬನೇ ಅಜ್ಜ, ಅದೇ ತೊಗಲಿನ ಕೆಲಸ. ದುರ್ಗವ್ವನ ಗುಡಿಗೆ ಹೋಗುವ ಮೊಮ್ಮಗ ಪರಿಶಿಷ್ಟ ಜಾತಿ. ಭಾನುವಾರ ಪ್ರಾರ್ಥನೆಗೆ ಹೋಗುವ ಮೊಮ್ಮಗ ಅಲ್ಲ. ಊರಿನ ಚಾದಂಗಡಿಯವನಿಗೆ ಮಾತ್ರ ಇಬ್ಬರೂ ಒಂದೇ. ಅವನಿಗೆ ಯಾವ ತೌಲನಿಕ ಅಧ್ಯಯನವೂ ಬೇಕಾಗಿಲ್ಲ.

ಇದರ ಮೂಲ 1950ರ ರಾಷ್ಟ್ರಪತಿಗಳ ಆದೇಶದ 3ನೇ ಪ್ಯಾರಾ. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂತ ಅದು ಬರೆಯಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ತಗೊಂಡರು. ಕ್ರೈಸ್ತರಿಗೂ ಮುಸ್ಲಿಮರಿಗೂ ಬಾಗಿಲು ತೆರೆಯಲಿಲ್ಲ. ಮದ್ರಾಸಿನ ರಸ್ತೆ ಬದಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬಾತ ಸುಪ್ರೀಂ ಕೋರ್ಟಿನ ತನಕ ಹೋದ. ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಡುತ್ತಿತ್ತು, ಈತ ಕ್ರೈಸ್ತ ಅಂತ ಇವನಿಗೆ ಕೊಡಲಿಲ್ಲ. ಮತ ಬದಲಾದ ಮೇಲೂ ಅದೇ ಅವಮಾನ ಅಷ್ಟೇ ತೀವ್ರವಾಗಿ ಉಳಿದಿದೆ ಎನ್ನಲು ಪುರಾವೆ ಸಾಲದು ಎಂದು 1985ರಲ್ಲಿ ಕೋರ್ಟು ಅವನನ್ನು ಬರಿಗೈಲಿ ಕಳಿಸಿತು. ಉಳಿ ಅದೇ, ದಾರ ಅದೇ, ಕೂರುವ ಫುಟ್‌ಪಾತ್ ಅದೇ. ಇನ್ನೆಂಥ ಪುರಾವೆ ಬೇಕಿತ್ತೋ!

ತಮಾಷೆ ಏನಂದ್ರೆ, ನಮ್ಮ ಕರ್ನಾಟಕ ಸರ್ಕಾರಕ್ಕೆ ಸತ್ಯ ಗೊತ್ತಿದೆ. ಹಿಂದುಳಿದವರ ಪಟ್ಟಿಯ ಪ್ರವರ್ಗ-1ರಲ್ಲಿ ಕ್ರೈಸ್ತ ಮತಕ್ಕೆ ಸೇರಿದ ಪರಿಶಿಷ್ಟ ಜಾತಿಯವರು ಅಂತ ತಾನೇ ಬರೆದುಕೊಂಡಿದೆ. ಅಂದರೆ ಜಾತಿ ಹೋಗಿಲ್ಲ ಅಂತ ಒಪ್ಪಿದ ಹಾಗಾಯ್ತಲ್ಲ! ಆದರೆ ಪ್ರವರ್ಗ-1 ಹೊಡೆತ ತಡೆಯೋದಿಲ್ಲ. ಜಾತಿ ಹಿಡಿದು ಬೈದರೆ, ಬಡಿದರೆ, 1989ರ ದೌರ್ಜನ್ಯ ತಡೆ ಕಾಯ್ದೆ ಆ ಹುಡುಗನ ಬೆನ್ನಿಗಿಲ್ಲ. ಮೀಸಲು ಕ್ಷೇತ್ರದಲ್ಲಿ ಅವನು ಓಟು ಹಾಕಬಹುದು, ನಿಲ್ಲುವಂತಿಲ್ಲ. 2025ರ ಸಮೀಕ್ಷೆಯ ಹೊತ್ತಿಗೆ ಜಾತಿಯ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಪಟ್ಟಿಯಲ್ಲಿ ಬಂದಿದ್ದೇ ತಡ, ಎಷ್ಟು ಗದ್ದಲ ಎಬ್ಬಿಸಿದರು! ಆಯೋಗ ಅಂಥ ಹಲವು ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಹೆಸರು ಮರೆಯಾಯಿತು, ಮನುಷ್ಯರು ಎಲ್ಲಿಗೆ ಹೋಗ್ತಾರ್ರೀ?

ಇನ್ನು ನಮ್ಮ ಊರಿನಲ್ಲೇ ನಡೆದ ಮಾತು. 2021ರ ಡಿಸೆಂಬರ್ 23ರಂದು ಇದೇ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ತಡೆ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. 2022ರಲ್ಲಿ ಅದು ಕಾಯ್ದೆಯಾಯಿತು. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತಗೊಂಡಿತು. ಅದರ ಗತಿ ಏನೇ ಇರಲಿ, ಆ ಕಾಯ್ದೆಯ ಮನಸ್ಸನ್ನು ನಾವು ಓದಬೇಕು. ಒಳ್ಳೆಯ ಬದುಕು ಸಿಗುತ್ತದೆ ಎಂಬ ಮಾತನ್ನೂ ಅದು ಆಮಿಷದ ಪಟ್ಟಿಗೆ ಸೇರಿಸಿತು. ಒಳ್ಳೆಯ ಬದುಕಿಗೆ ಆಸೆಪಡೋದು ನಮ್ಮವರ ಪಾಲಿಗೆ ಮೋಸ ಹೋಗೋದಂತೆ! ಅಪ್ರಾಪ್ತರು, ಹೆಂಗಸರು, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು, ಅವರ ಸಾಲಿನಲ್ಲೇ ಪರಿಶಿಷ್ಟರು. ಇವರನ್ನು ಮತಾಂತರಿಸಿದವರಿಗೆ 10 ವರ್ಷದ ತನಕ ಜೈಲು. ಎಂ.ಎ. ಓದಿದ ದಲಿತನಿಗೂ ದೇವರನ್ನು ಆರಿಸಿಕೊಳ್ಳುವಷ್ಟು ತಲೆ ಇಲ್ಲ ಅಂತಲೇ ಇದರ ಅರ್ಥ. ಮತ ಬದಲಿಸುವವನು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಬರೆದು ಕೊಡಬೇಕು, ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಊರವರ ಆಕ್ಷೇಪಣೆ ಕೇಳಬೇಕು. ಹಿಂದಿನ ಮತಕ್ಕೆ ವಾಪಸ್ ಹೋದರೆ ಮಾತ್ರ ಅದು ಮತಾಂತರವೇ ಅಲ್ಲ. ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಒಂದು ಧರ್ಮದ ಆಚರಣೆಯನ್ನು ಇನ್ನೊಂದರ ಮುಂದೆ ಕೀಳಾಗಿ ತೋರಿಸಿದರೂ ಆಮಿಷವೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳನ್ನು ಈ ಕಣ್ಣಿಂದ ಓದಿ ನೋಡಿ. ಬಲೆ ಹಾಕಿದ್ದು ಪಾದ್ರಿಗಳಿಗೆ ಮಾತ್ರ ಅಂದುಕೊಂಡವರಿಗೆ ಎಚ್ಚರ ಆಗಲಿ.

ಹಾಲಿನ ಪುಡಿಗೆ, ಗೋಧಿ ಹಿಟ್ಟಿಗೆ ಮತ ಮಾರಿಕೊಂಡವರು ಅಂತ ನಮ್ಮ ಹಾಸ್ಟೆಲುಗಳಲ್ಲೂ ಆಡಿಕೊಳ್ಳೋದುಂಟು. ಹಸಿದವನು ಉಂಡರೆ ನಾಚಿಕೆ ಯಾರಿಗೆ? ಹಸಿವಿಗೆ ಕೆಡವಿದವರಿಗೆ. ಲಂಡನ್ ಮಿಷನ್ನಿನವರು 1820ರಲ್ಲಿ ಬೆಳಗಾವಿಗೆ ಬಂದರು. ಬೆನನ್ ಸ್ಮಿತ್ ಶಾಲೆಯ ಹೆಸರಲ್ಲಿ ಇವತ್ತಿಗೂ ಆ ಮಿಷನ್ನಿನ ಇಬ್ಬರು ಇದ್ದಾರೆ. ಅವರು ತಂದ ಪುಸ್ತಕದಲ್ಲಿ ಒಂದು ಬಾವಿಯ ಕಥೆ ಇದೆ. ಮಧ್ಯಾಹ್ನದ ಬಿಸಿಲಲ್ಲಿ ದಣಿದು ಕೂತ ಯೇಸು, ತನ್ನ ಜನ ಮುಟ್ಟದ ಸಮಾರ್ಯದ ಹೆಂಗಸಿನ ಕೈಯಿಂದ ನೀರು ಕೇಳುತ್ತಾನೆ. ಅವಳಿಗೇ ಆಶ್ಚರ್ಯ. ಈ ಕಥೆಯನ್ನು ಅಗ್ರಹಾರದವರು ಕೇಳೋದು ಬೇರೆ, ಊರ ಬಾವಿಯಿಂದ ಮಾರು ದೂರ ಕೊಡ ಹಿಡಿದು ನಿಂತ ನಮ್ಮ ಅವ್ವಂದಿರು ಕೇಳೋದು ಬೇರೆ. 1927ರಲ್ಲಿ ಮಹಾಡದ ಚವದಾರ ಕೆರೆಗೆ ಇಳಿದವರ ದಾಹವೂ ಅದೇ. ಆ ದಾಹವನ್ನು ಹಿಟ್ಟಿನ ಲೆಕ್ಕದಲ್ಲಿ ಅಳೆಯಬೇಡಿ.

ಹಾಗಂತ ಚರ್ಚನ್ನು ಸುಮ್ಮನೆ ಬಿಡುವಂತಿಲ್ಲ. ಬಾವಿಯ ಕಥೆ ಹೇಳಿದವರ ಅಂಗಳದಲ್ಲೇ ಎರಡು ಬಾವಿ ಆದವು. ತಿರುಚಿಯ ಒಂದು ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗೂ ಉಳಿದವರ ಗೋರಿಗೂ ನಡುವೆ ಗೋಡೆ ಎದ್ದಿತ್ತು. ಮಣ್ಣಿಗೂ ಮೈಲಿಗೆ! ಅಸ್ಪೃಶ್ಯತೆ ನಮ್ಮೊಳಗೂ ಇದೆ ಎಂದು ಭಾರತದ ಕ್ಯಾಥೊಲಿಕ್ ಬಿಷಪ್ಪರೇ 2016ರ ತಮ್ಮ ದಲಿತ ನೀತಿಯಲ್ಲಿ ಒಪ್ಪಿಕೊಂಡರು. ಒಬ್ಬ ದಲಿತ ಕಾರ್ಡಿನಲ್ ಆಗಲು 2022ರ ತನಕ ಕಾಯಬೇಕಾಯಿತು. ಮತ ಬದಲಿಸಿದ ಅಸ್ಪೃಶ್ಯರು ರಾಜಕೀಯ ಹೋರಾಟಕ್ಕೆ ಇಳಿಯದೆ ತಣ್ಣಗಾದರು ಅಂತ ಬಾಬಾಸಾಹೇಬರು ಬರೆದದ್ದು ಕಟುವಾದರೂ ಸುಳ್ಳಲ್ಲ. ಮಸೂದೆ ಬಂದಾಗ ಬೀದಿಗೆ ಬಂದ ಪಾದ್ರಿಗಳು 3ನೇ ಪ್ಯಾರಾಕ್ಕೂ ಅಷ್ಟೇ ದನಿಯಲ್ಲಿ ಬೀದಿಗೆ ಬರಲಿ, ತಮ್ಮ ಸ್ಮಶಾನದ ಗೋಡೆಗೂ ಬರಲಿ.

ನಮ್ಮವರದ್ದೂ ಒಂದು ಅಂಜಿಕೆ ಇದೆ. ಅವರಿಗೆ ಮಿಷನ್ ಶಾಲೆ ಉಂಟು, ಇಂಗ್ಲಿಷ್ ಉಂಟು, ನಮ್ಮ ತಟ್ಟೆಗೂ ಕೈ ಹಾಕಿದರೆ ನಮಗೇನು ಉಳೀತು ಅಂತ. ಅಂಜಿಕೆ ಸುಳ್ಳಲ್ಲ, ತಟ್ಟೆ ಸಣ್ಣದೇ. ಆದರೆ ಇದೇ ಮಾತನ್ನು ನವಬೌದ್ಧರಿಗೂ ಹೇಳಿದ್ದರು. ನಾಗಪುರದಿಂದ 1990ರ ತನಕ, 34 ವರ್ಷ, ಬಾಬಾಸಾಹೇಬರ ಹಿಂದೆ ನಡೆದ ಜನರನ್ನೇ ಈ ಆದೇಶ ಹೊರಗೆ ನಿಲ್ಲಿಸಿತ್ತು. ಹೊರಗೆ ನಿಂತ ಕಾಲು ನೋವು ನಮಗೆ ಗೊತ್ತು. ತಟ್ಟೆ ದೊಡ್ಡದು ಮಾಡಿ ಅಂತ ಇಬ್ಬರೂ ಸೇರಿ ಕೇಳಬೇಕೇ ಹೊರತು, ಬಡಿಸುವವನು ನೋಡಿ ನಗುವಂತೆ ನಾವು ನಾವೇ ಕಿತ್ತಾಡಬಾರದು. 3ನೇ ಪ್ಯಾರಾ ತೆಗೆಯಿರಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತು. ಅದನ್ನು ಬದಿಗಿಟ್ಟು 2022ರಲ್ಲಿ ಇನ್ನೊಂದು ಆಯೋಗ ಮಾಡಿದರು.

ಗೆಳೆಯರೇ, ಮುಂದಿನ ಸಭೆಗೆ ಕ್ಯಾಂಪಿನ ಕಡೆಯ ಚರ್ಚಿಗೆ ಹೋಗುವ ನಮ್ಮ ಓಣಿಯ ಹುಡುಗ ಹುಡುಗಿಯರನ್ನೂ ಕರೆಯಿರಿ. ನೀನು ಯಾರನ್ನು ಬೇಡ್ಕೊಳ್ತೀ ಅಂತ ಬಾಗಿಲಲ್ಲಿ ಕೇಳಬೇಡಿ. ಅವರ ಪ್ರಮಾಣಪತ್ರದ ಝೆರಾಕ್ಸ್ ಅವರು ತರಲಿ, ನಮ್ಮದು ನಾವು ತರೋಣ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು, ಯಾರ ಅಜ್ಜ ಯಾವ ಬಾವಿಯಿಂದ ದೂರ ನಿಂತಿದ್ದ ಅಂತ ಕೇಳುತ್ತಾ ಹೋಗೋಣ.