ಹಳೇ ಮಿಷಿನ್ ಅಂದ್ರೆ ಗುಜರಿ ಅಲ್ಲ

 

ನಮ್ಮ ಮನೆಯಲ್ಲಿ ಒಂದು ತಿಂಗಳಿಂದ ಒಂದೇ ಜಗಳ. ಮನೆ ಪಕ್ಕದ ಶೆಡ್ಡಿನಲ್ಲಿ ಲೇತು, ವೆಲ್ಡಿಂಗ್ ಇಟ್ಟುಕೊಂಡಿರುವ ನಮ್ಮ ಚಿಕ್ಕಪ್ಪ ಒಂದು ಹಳೇ ಮಿಲ್ಲಿಂಗ್ ಮಿಷಿನ್ ತರಬೇಕು ಅಂತಾರೆ. ತಾತ ಬೇಡ ಅಂತಾರೆ. "ಅಲ್ಲಾ ಕಣ್ಲಾ, ಹಸ ಮಾರಿ ಗುಜರಿ ಕಬ್ಬುಣ ಕಟ್ಕಂಡ್ರೆ ಅದೇನು ಹಾಲ್ ಕರೀತದಾ?" ಅಂತ ತಾತ ಕೇಳಿದ್ದಕ್ಕೆ ಇಡೀ ಮನೆ ನಕ್ಕಿತು. ಚಿಕ್ಕಪ್ಪ ಮಾತ್ರ ನಗಲಿಲ್ಲ. ಈ ವಿಷಯದಲ್ಲಿ ನಾನು ಚಿಕ್ಕಪ್ಪನ ಕಡೆ. ಆದರೆ ತಾತನ ಮಾತಿನಲ್ಲೂ ನ್ಯಾಯ ಇದೆ.

ಮೊದಲು ಒಂದು ಮಾತು. ಮಿಲ್ಲಿಂಗ್ ಮಿಷಿನ್ ಅಂದ ಕೂಡಲೇ ನಮ್ಮ ತರಗತಿಯವರು "ರಾಗಿ ಬೀಸೋದಾ?" ಅಂತ ಕೇಳಿದರು. ಅಲ್ಲ. ಲೇತಿನಲ್ಲಿ ಕಬ್ಬಿಣದ ತುಂಡು ತಿರುಗುತ್ತದೆ, ಹತ್ಯಾರ ನಿಂತಿರುತ್ತದೆ. ಇದರಲ್ಲಿ ಉಲ್ಟಾ. ಹಲ್ಲಿರುವ ಕಟ್ಟರ್ ತಿರುಗುತ್ತದೆ, ತುಂಡನ್ನು ಟೇಬಲ್ ಮೇಲೆ ಬಿಗಿದು ಕಟ್ಟರಿನ ಕೆಳಗೆ ನಿಧಾನವಾಗಿ ಸರಿಸುತ್ತಾರೆ. ಲೇತು ದುಂಡಗೆ ಮಾಡಿದರೆ ಇದು ಮಟ್ಟಸ ಮಾಡುತ್ತದೆ, ಕಾಲುವೆ ತೋಡುತ್ತದೆ, ಗೇರಿಗೆ ಹಲ್ಲು ಕತ್ತರಿಸುತ್ತದೆ.

ನಮ್ಮೂರಿಗೆ ಅದು ಯಾಕೆ ಬೇಕು? ಆಲೆಮನೆ ಇರುವವರ ಮಕ್ಕಳನ್ನು ಕೇಳಿ. ಗಾಣದ ಸಣ್ಣ ಗೇರಿನ ಎರಡು ಹಲ್ಲು ಮುರಿದರೆ ಸಾಕು, ಗಾಣ ನಿಂತಿತು. ಅದನ್ನು ಕಟ್ಟಿಕೊಂಡು ಮಂಡ್ಯಕ್ಕೋ ಮೈಸೂರಿಗೋ ಹೋಗಬೇಕು. ಅವರು "ನಾಳೆ ಬನ್ನಿ" ಅಂತಾರೆ. ಕಬ್ಬು ನಾಳೆಗೆ ಕಾಯುತ್ತದೆಯೇ? ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯದಿದ್ದರೆ ತೂಕವೂ ಕಡಿಮೆ, ಹಾಲೂ ಹುಳಿ, ಬೆಲ್ಲ ಗಟ್ಟಿ ಕೂರುವುದಿಲ್ಲ. ಪಂಪಿನ ಶಾಫ್ಟಿಗೆ ಕೀ ಕೂರಿಸುವ ಕಾಲುವೆಯನ್ನು ಚಿಕ್ಕಪ್ಪ ಈಗಲೂ ಚಾಣದಲ್ಲಿ ಹೊಡೆದು, ಅರದಲ್ಲಿ ಉಜ್ಜಿ ಮಾಡುತ್ತಾರೆ. ಅರ್ಧ ದಿನದ ಕೆಲಸ. ಕೈ ಬೊಬ್ಬೆ ಬರುತ್ತದೆ. ಒಂದು ಕೂದಲೆಳೆ ಸಡಿಲವಾದರೂ ಕೀ ಅಲ್ಲಾಡಿ ಅಲ್ಲಾಡಿ ಶಾಫ್ಟನ್ನೇ ತಿಂದುಬಿಡುತ್ತದೆ.

ಇದೇ ಕಷ್ಟ ಅಮೆರಿಕದಲ್ಲೂ ಇತ್ತು. ಅಲ್ಲಿ ಬಂದೂಕಿನ ಭಾಗಗಳಿಗೆ ತೂತು ಕೊರೆಯುವ ಡ್ರಿಲ್ಲಿನ ಸುರುಳಿಯನ್ನು ಕೆಲಸಗಾರರು ಅರದಲ್ಲಿ ಉಜ್ಜಿ ಮಾಡುತ್ತಿದ್ದರು. ಆ ಕಷ್ಟ ತಪ್ಪಿಸಲು ಜೋಸೆಫ್ ಬ್ರೌನ್ ಎಂಬುವರು ಯೂನಿವರ್ಸಲ್ ಮಿಲ್ಲಿಂಗ್ ಮಿಷಿನ್ ಮಾಡಿದ್ದು 1862ರಲ್ಲಿ. ಅಲ್ಲಿ ಅಷ್ಟು ಹಿಂದೆಯೇ ಹೋದ ಅರ ನಮ್ಮ ಶೆಡ್ಡಿನಲ್ಲಿ ಇನ್ನೂ ಇದೆ!

ಹಾಗಾದರೆ ಹೊಸದನ್ನೇ ತರಬಹುದಲ್ಲ ಅಂತ ನಮ್ಮತ್ತೆ ಕೇಳಿದರು. ಚಿಕ್ಕಪ್ಪನ ಹತ್ತಿರ ಇರುವ ದುಡ್ಡಿಗೆ ಬರುವ ಹೊಸದು ಹಗುರವಾದ ಸಣ್ಣ ಮಿಷಿನ್. ಗಟ್ಟಿ ಕಬ್ಬಿಣಕ್ಕೆ ಕಟ್ಟರ್ ಕೊಟ್ಟರೆ ಅದುರುತ್ತದೆ. ಹಳೆಯದು ಬೀಡಿನದು, ಎರಡು ಟನ್ನಿನ ಆಸುಪಾಸು ಭಾರ. ಆ ಭಾರವೇ ಅದುರನ್ನು ನುಂಗುವುದು. ಚಿಕ್ಕಪ್ಪ ನೋಡಿಕೊಂಡು ಬಂದಿರುವುದು ಒಂದು ಎಚ್‌ಎಂಟಿ ಮಿಷಿನ್. ಎಚ್‌ಎಂಟಿ ಅಂದರೆ ನಮಗೆಲ್ಲ ತಾತಂದಿರ ಕೈಗಡಿಯಾರ ನೆನಪಾಗುತ್ತದೆ. ಆದರೆ 1953ರಲ್ಲಿ ಬೆಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದದ್ದು ಇಂಥ ಮಿಷಿನ್ ಮಾಡುವುದಕ್ಕೆ. ವಾಚು ಬಂದದ್ದು ಆಮೇಲೆ. ಇನ್ನು ಚಿಕ್ಕಪ್ಪನ ಲೇತು ಹರಿಹರದ ಮೈಸೂರು ಕಿರ್ಲೋಸ್ಕರ್‌ನದು. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಲೇತು ಇವತ್ತು ಬೆಳಿಗ್ಗೆಯೂ ತಿರುಗುತ್ತಿತ್ತು. ತಾತ ಇದಕ್ಕೆ ಉತ್ತರ ಕೊಡಲಿಲ್ಲ, ಎಲೆ ಅಡಿಕೆ ಹಾಕಿಕೊಂಡರು.

ಈಗ ಎಲ್ಲ ಕಡೆ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಬಂದಿದೆ, ನಿಜ. ಅದು ಒಂದೇ ತರಹದ ಸಾವಿರ ತುಂಡು ಮಾಡುವವರಿಗೆ ಸರಿ. ಮುರಿದ ಒಂದು ಗೇರು ತಂದವರಿಗೆ ಕೈಯಲ್ಲಿ ತಿರುಗಿಸುವುದೇ ಸಾಕು. ಪೀಣ್ಯದ ಕಡೆ ಸಣ್ಣ ಕಾರ್ಖಾನೆಯವರು ಸಿಎನ್‌ಸಿ ಹಾಕಿಕೊಂಡು ಹಳೆಯದನ್ನು ಮಾರುವುದರಿಂದಲೇ ನಮ್ಮಂಥವರ ಕೈಗೆ ಅದು ಎಟುಕುತ್ತಿದೆ.

ಹಾಗಂತ ಕಣ್ಣು ಮುಚ್ಚಿಕೊಂಡು ತರುವುದಲ್ಲ. ಹಳೇ ಮಿಷಿನ್‌ಗೆ ಹೊಸ ಬಣ್ಣ ಬಳಿದು ಮಾರುವವರು ಇದ್ದಾರಂತೆ. ಬಣ್ಣ ನೋಡಬಾರದು, ಟೇಬಲ್ಲನ್ನು ಈ ತುದಿಯಿಂದ ಆ ತುದಿವರೆಗೆ ಹ್ಯಾಂಡಲ್ ತಿರುಗಿಸಿ ಓಡಿಸಬೇಕು. ಕೆಲಸವೆಲ್ಲ ಮಧ್ಯದಲ್ಲೇ ನಡೆದಿರುತ್ತದೆ, ಸವೆತವೂ ಅಲ್ಲೇ. ಮಧ್ಯದಲ್ಲಿ ಸಡಿಲ, ತುದಿಯಲ್ಲಿ ಬಿಗಿ ಅಂದರೆ ಸವೆದಿದೆ ಅಂತ ಅರ್ಥ. ಸ್ವಲ್ಪವಾದರೆ ಸರಿ ಮಾಡಬಹುದು, ಜಾಸ್ತಿಯಾದರೆ ಬಿಟ್ಟು ಬರಬೇಕು. ಎಲ್ಲ ಸ್ಪೀಡಿನಲ್ಲೂ ಓಡಿಸಿ ಗೇರುಗಳ ಸದ್ದು ಕೇಳಬೇಕು. ಓಡಿಸಿ ತೋರಿಸದವರ ಹತ್ತಿರ ಕೊಳ್ಳಬಾರದು. ಹಸ ಕೊಳ್ಳುವಾಗ ಒಂದು ಹೊತ್ತು ಕರೆದು ನೋಡುವುದಿಲ್ಲವೇ?

ಈಗ ತಾತನ ನ್ಯಾಯ. ಮನೆಗೆ ಗೃಹಜ್ಯೋತಿ ಇದೆ, ಆದರೆ ಅದು ಮನೆಗೆ ಮಾತ್ರ. ಪಂಪ್‌ಸೆಟ್ಟಿನ ಕರೆಂಟನ್ನು ಇದಕ್ಕೆ ಎಳೆಯುವಂತಿಲ್ಲ. ಕೈಗಾರಿಕೆಯ ಮೂರು ಫೇಸಿನ ಮೀಟರಿನಲ್ಲಿ ಈ ಮೋಟಾರಿಗೂ ಲೋಡು ಹೆಚ್ಚಿಸಿಕೊಳ್ಳಬೇಕು, ಮಿಷಿನ್ ಸುಮ್ಮನೆ ನಿಂತಿದ್ದರೂ ತಿಂಗಳ ಬಿಲ್ಲು ಬರುತ್ತದೆ. ಎರಡನೆಯದು, ಮಿಷಿನ್ ಒಂದೇ ಬಂದರೆ ಅರ್ಧ ಬಂದ ಹಾಗೆ. ಕಟ್ಟರ್ ಕೂರಿಸುವ ಆರ್ಬರ್, ವೈಸು, ಮುಖ್ಯವಾಗಿ ಡಿವೈಡಿಂಗ್ ಹೆಡ್ ಜೊತೆಗೆ ಬರಬೇಕು. ಅದಿಲ್ಲದೆ ಗೇರಿನ ಹಲ್ಲು ಸಮವಾಗಿ ಹಂಚುವುದು ಹೇಗೆ? ಅದರ ಹಿಡಿಯನ್ನು 40 ಸುತ್ತು ತಿರುಗಿಸಿದರೆ ತುಂಡು ಒಂದು ಸುತ್ತು ತಿರುಗುತ್ತದೆ. 18 ಹಲ್ಲಿನ ಗೇರಿಗೆ 40ನ್ನು 18ರಿಂದ ಭಾಗಿಸಿ. ಎರಡು ಪೂರ್ತಿ ಸುತ್ತು, ಮೇಲೆ 18 ತೂತಿನ ಸಾಲಿನಲ್ಲಿ 4 ತೂತು. ಭಿನ್ನರಾಶಿ ಯಾವುದಕ್ಕೆ ಬರುತ್ತೆ ಅಂತ ಗಣಿತದ ಮೇಷ್ಟ್ರನ್ನು ಕೇಳುತ್ತಿದ್ದವರು ಇದನ್ನು ಗಮನಿಸಿ!

ಆದ್ದರಿಂದ ನಾನು ಮನೆಯಲ್ಲಿ ಹೇಳಿದ್ದು ಇಷ್ಟು: ಮೊದಲು ಲೋಡು ಹೆಚ್ಚಲಿ, ಶೆಡ್ಡಿಗೆ ಗಟ್ಟಿ ಕಾಂಕ್ರೀಟ್ ಬೀಳಲಿ. ಡಿವೈಡಿಂಗ್ ಹೆಡ್ ಕೊಡುವುದಾದರೆ ಮಾತ್ರ ಅಡ್ವಾನ್ಸ್ ಕೊಡಿ. ಎರಡು ಹಸುವಿನಲ್ಲಿ ಒಂದನ್ನು ಮಾತ್ರ ಮಾರಿ, ಉಳಿದದ್ದಕ್ಕೆ ಸಂಘದಲ್ಲಿ ಸಾಲ ಕೇಳಿ. "ಹೆಣ್ಮಗೀಗೆ ಯಾಕವ್ವಾ ಈ ಉಸಾಬರಿ" ಅಂದರು ಅಜ್ಜಿ. ಚಿಕ್ಕಪ್ಪ "ಹಲ್ಲಿನ ಲೆಕ್ಕ ಹಾಕಿಕೊಡೋಳು ಅವಳೇ ಕಣವ್ವಾ" ಅಂದರು. ತಾತ ಇನ್ನೂ ಒಪ್ಪಿಲ್ಲ. ಆದರೆ ಮಿಷಿನ್ ಹತ್ತಿರ ಯಾರೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಲ್ಲಬಾರದು, ಕಟ್ಟರ್ ಎಳೆದುಕೊಂಡುಬಿಡುತ್ತದೆ ಅಂತ ನಾನು ಹೇಳಿದಾಗ, ತಮ್ಮ ಟವೆಲ್ ತೆಗೆದು ಎಲ್ಲಿ ಇಡುವುದು ಅಂತ ಕೇಳಿದರು.

ನಿಮ್ಮ ನೆಂಟರ ಕಡೆ ಯಾರಾದರೂ ಹಳೇ ಡಿವೈಡಿಂಗ್ ಹೆಡ್ ಮಾರುವವರಿದ್ದರೆ ದಯವಿಟ್ಟು ಹತ್ತನೇ ತರಗತಿಗೆ ಬಂದು ತಿಳಿಸಿ.